ಎರಡು ತಿಂಗಳಲ್ಲಿ ಮೂರು ಸಲ ಸೆಲ್ಫ್ ಮೋಟರ್ ಹೋಯ್ತು: ತಪ್ಪು ಎಲ್ಲಿತ್ತು?



ಈ ವಾರ ಟೊಮೆಟೊ ಎಲೆ ಮುದುಡು ರೋಗದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರ. ಈ ಸಲ ಗಾಡಿ ವಿಷಯ. ನಮ್ಮ ಓಮ್ನಿ ಎರಡು ತಿಂಗಳಲ್ಲಿ ಮೂರು ಸಲ ಸೆಲ್ಫ್ ಮೋಟರ್ ತಿಂದು ಹಾಕ್ತು. ದುಡ್ಡು ಹೋಯ್ತು, ಒಂದು ದಿನ ಪ್ರಾಣವೂ ಹೋಗೋದರಲ್ಲಿತ್ತು. ಅದರ ಜೊತೆಗೆ ಇಪ್ಪತ್ತೈದು ವರ್ಷ ಪರಿಚಯ ಇರೋ ಒಬ್ಬರ ಮೇಲೆ ಆಡಬಾರದ ಮಾತು ಆಡಿದೆ. ಕೊನೆಗೆ ತಪ್ಪು ಸಿಕ್ಕಿದ್ದು ನನ್ನ ಕೈಕೆಲಸದಲ್ಲೇ. ನಾಚಿಕೆ ಬಿಟ್ಟು ಬರೀತಿದೀನಿ. ನಮ್ಮಲ್ಲಿ ತುಂಬಾ ಜನ ಗಾಡಿ, ಟ್ರ್ಯಾಕ್ಟರು, ಟಿಲ್ಲರು ಮನೇಲೇ ಬಿಚ್ಚಿ ಕಟ್ಟೋರು ಇದೀರಿ. ನನಗಾದ ಖರ್ಚು ನಿಮಗೆ ಆಗೋದು ಬೇಡ.

ಗಾಡಿ 2006ರ ಮಾಡೆಲ್ ಓಮ್ನಿ. ಹಿಂದಿನ ಸೀಟು ಬಿಚ್ಚಿಟ್ಟು 15 ಕೆ.ಜಿ. ಬಾಕ್ಸು 24 ಜೋಡಿಸಿದರೆ ಕೋಲಾರ ಎಪಿಎಂಸಿಗೆ ನಮ್ಮ ಒಂದು ಕೊಯ್ಲು ಹೋಗುತ್ತೆ. ಎರಡು ಎಕರೆಯವನಿಗೆ ದಿನಾ ಟೆಂಪೊ ಬಾಡಿಗೆ ಗಿಟ್ಟಲ್ಲ. ಗೊಬ್ಬರ ತರೋಕೂ ಇದೇ, ಊರಲ್ಲಿ ಯಾರಿಗಾದರೂ ರಾತ್ರಿ ಹೊತ್ತು ಆಸ್ಪತ್ರೆ ಅಂದರೂ ಇದೇ. ಇಂಜಿನ್ ಮುಂದಿನ ಸೀಟಿನ ಕೆಳಗೆ, 796 ಸಿಸಿ, ಮೂರು ಸಿಲಿಂಡರ್. ತಾಳ್ಮೆ ಇದ್ದರೆ ಮನೇಲಿ ಬಿಚ್ಚಬಹುದಾದ ಇಂಜಿನ್.

ಹೋದ ವರ್ಷದಿಂದ ಹೊಗೆ ಜಾಸ್ತಿ ಆಗಿತ್ತು. ಆಯಿಲ್ ತಿಂಗಳಿಗೆ ಒಂದು ಲೀಟರ್ ಕುಡೀತಿತ್ತು. ರಿಂಗ್ ಹೋಗಿದೆ ಅಂತ ಗೊತ್ತಾಯ್ತು. ಗ್ಯಾರೇಜಲ್ಲಿ ಕೇಳಿದರೆ ಅವರು ಹೇಳಿದ ಲೆಕ್ಕಕ್ಕೆ ಒಂದು ಹಸು ಬರುತ್ತೆ. ನಮ್ಮ ಅಕ್ಕನ ಮಗ ಐಟಿಐ ಮಾಡಿದಾನೆ, ಹೊಸಕೋಟೆ ಕಡೆ ಕಂಪನಿಯಲ್ಲಿ ಕೆಲಸ. "ಮಾವ, ಯುಗಾದಿಗೆ ನಾಲ್ಕು ದಿನ ರಜ ಹಾಕಿ ಬರ್ತೀನಿ, ಇಬ್ಬರೂ ಸೇರಿ ಮಾಡೋಣ" ಅಂದ.

ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಚೈನ್ ಬ್ಲಾಕ್ ಬಾಡಿಗೆಗೆ ತಂದು, ಇಂಜಿನ್ನು ಗೇರ್ ಬಾಕ್ಸು ಎರಡೂ ಕೆಳಗಿಳಿಸಿದೆವು. ಹೆಡ್ಡನ್ನ ಲೇತ್‌ಗೆ ಕಳಿಸಿ ಫೇಸಿಂಗ್ ಮಾಡಿಸಿ, ವಾಲ್ವ್ ಗ್ರೈಂಡ್ ಮಾಡಿಸಿದೆವು. ಹೊಸ ರಿಂಗು, ಹೊಸ ಬೇರಿಂಗು, ಗ್ಯಾಸ್ಕೆಟ್ ಸೆಟ್ಟು, ಟೈಮಿಂಗ್ ಬೆಲ್ಟು, ಇಳಿಸಿದ್ದಕ್ಕೆ ಕ್ಲಚ್ ಪ್ಲೇಟೂ ಹಾಕಿದೆವು. ನಾಲ್ಕನೇ ದಿನ ಇಂಜಿನ್ ಕೂತಿತ್ತು, ಹುಡುಗ ರಜ ಮುಗೀತು ಅಂತ ಹೊರಟ. ವೈರು, ಪೈಪು, ಕೇಬಲ್ಲು ಕಟ್ಟೋದು ನನ್ನ ಪಾಲಿಗೆ ಉಳೀತು.

ಇಲ್ಲಿ ಒಂದು ವಿಷಯ ಹೇಳಿಬಿಡ್ತೀನಿ. ಇಂಜಿನ್ ಕೆಳಗಿದ್ದಾಗ ನಾನು ಅದನ್ನ ಡೀಸೆಲ್‌ನಲ್ಲಿ ತೊಳೆದು, ಗೇರ್ ಬಾಕ್ಸಿಗೆ ಅಲ್ಯೂಮಿನಿಯಂ ಪೇಂಟು ಎರಡು ಕೈ ಹೊಡೆದಿದ್ದೆ. ಛಾಸಿ ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಉಪ್ಪು ಕಾಗದ ಉಜ್ಜಿ ಕರಿ ಪೇಂಟು ಹೊಡೆದಿದ್ದೆ. ನೋಡಿದವರೆಲ್ಲ ಶೋರೂಮಿಂದ ಬಂದ ಹಾಗಿದೆ ಅಂದರು. ನನಗೂ ಹೆಮ್ಮೆ. ತಪ್ಪು ಎಲ್ಲಿತ್ತು ಅಂತ ಕೆಲವರಿಗೆ ಈಗಲೇ ಹೊಳೆದಿರಬಹುದು. ನನಗೆ ಹೊಳೆಯೋಕೆ ಎರಡು ತಿಂಗಳು ಹಿಡೀತು.

ಮೊದಲು ಕೀ ತಿರುಗಿಸಿದಾಗ ಇಂಜಿನ್ ಎರಡನೇ ಸಲಕ್ಕೇ ಹತ್ಕೊಂತು. ಹೊಗೆ ಇಲ್ಲ, ಸದ್ದಿಲ್ಲ. ಮನೆಯವಳು ಮಂಗಳಾರತಿ ಎತ್ತಿ ನಿಂಬೆಹಣ್ಣು ಇಟ್ಟಳು. ಹದಿನೈದು ದಿನ ಚೆನ್ನಾಗೇ ಓಡಿತು. ಸೆಲ್ಫ್ ಸ್ವಲ್ಪ ನಿಧಾನ ತಿರುಗ್ತಿದೆ ಅನ್ನಿಸ್ತಿತ್ತು. ಹೊಸ ರಿಂಗು, ಇಂಜಿನ್ ಟೈಟ್ ಇರುತ್ತೆ ಬಿಡು ಅಂದುಕೊಂಡೆ.

ಹದಿನಾರನೇ ದಿನ ಬೆಳಿಗ್ಗೆ ಕೀ ತಿರುಗಿಸಿದರೆ ಟಕ ಟಕ ಟಕ ಟಕ. ತಿರುಗಲೇ ಇಲ್ಲ. ಇಬ್ಬರು ಹುಡುಗರು ತಳ್ಳಿದರು, ಎರಡನೇ ಗೇರಲ್ಲಿ ಬಿಟ್ಟೆ, ಸ್ಟಾರ್ಟ್ ಆಯ್ತು. ಹಾಗೇ ಪಟ್ಟಣಕ್ಕೆ ತಗೊಂಡು ಹೋದೆ. ಅಲ್ಲಿ ಸೆಲ್ಫು, ಡೈನಮೊ ರಿಪೇರಿ ಮಾಡೋ ಒಬ್ಬ ಅಣ್ಣ ಇದಾರೆ. ನಾನು ಮೊದಲ ಪಂಪ್‌ಸೆಟ್ ಹಾಕಿದಾಗ ಸುಟ್ಟ ಮೋಟರ್ ರಿವೈಂಡ್ ಮಾಡಿಕೊಟ್ಟವರೂ ಅವರೇ. ಸೆಲ್ಫ್ ಬಿಚ್ಚಿ ನೋಡಿ, "ಸೊಲೆನಾಯ್ಡ್ ಒಳಗಿನ ತಾಮ್ರದ ಪಾಯಿಂಟ್ ಸುಟ್ಟು ಕರಕಲಾಗಿದೆ" ಅಂದರು. ಹೊಸ ಸೊಲೆನಾಯ್ಡ್ ಹಾಕಿದರು, 650 ರೂಪಾಯಿ. ಬೆಂಚ್ ಮೇಲೆ ಇಟ್ಟು ಬ್ಯಾಟರಿ ಕೊಟ್ಟರು, ಸುಯ್ ಅಂತ ತಿರುಗಿತು.

ಆವತ್ತು ಅವರು ಒಂದು ಮಾತು ಕೇಳಿದರು. "ಇಂಜಿನ್ ಇಳಿಸಿದ್ದೆ ಅಂತೀಯಲ್ಲ, ಅರ್ಥಿಂಗ್ ಪಟ್ಟಿ ಸರಿಯಾಗಿ ಕಟ್ಟಿದೀಯೇನಪ್ಪಾ?"

ನಾನು ಅಂದೆ, "ಏನಣ್ಣಾ ಹಿಂಗ್ ಕೇಳ್ತೀರ, ಕಟ್ಟದೇ ಇರ್ತೀನಾ? ನಾನೇ ಕೈಯಾರೆ ಬೋಲ್ಟ್ ಟೈಟ್ ಮಾಡಿದೀನಿ."

ಸುಳ್ಳಲ್ಲ. ಟೈಟ್ ಮಾಡಿದ್ದೆ. ಅಲ್ಲಿಗೆ ಆ ಪ್ರಶ್ನೆ ಮುಗೀತು.

ಮೂರು ವಾರಕ್ಕೆ ಮತ್ತೆ ಅದೇ ಟಕ ಟಕ ಶುರು. ಕೆಲವು ಸಲ ಹತ್ಕೊಳ್ಳೋದು, ಕೆಲವು ಸಲ ಇಲ್ಲ. ಒಂದು ದಿನ ಕೀ ಬಿಟ್ಟರೂ ಸೆಲ್ಫ್ ಬಿಡಲಿಲ್ಲ. ಇಂಜಿನ್ ಸ್ಟಾರ್ಟ್ ಆಗಿದೆ, ಸೆಲ್ಫೂ ಅದರ ಜೊತೆ ಕಿರ್ರೋ ಅಂತ ತಿರುಗ್ತಾನೇ ಇದೆ. ಕೀ ತೆಗೆದರೂ ನಿಲ್ಲಲಿಲ್ಲ. ಸ್ಪ್ಯಾನರ್ ಹುಡುಕಿ ಬ್ಯಾಟರಿ ವೈರು ಕೀಳೋಷ್ಟರಲ್ಲಿ ಸೀಟಿನ ಕೆಳಗಿಂದ ಹೊಗೆ ಬಂತು. ಸೊಲೆನಾಯ್ಡ್ ಪಾಯಿಂಟ್ ಒಂದಕ್ಕೊಂದು ಅಂಟಿಕೊಂಡಿದ್ದವು, ಆರ್ಮೇಚರ್ ಸುಟ್ಟಿತ್ತು. ರಿವೈಂಡಿಂಗ್ಗೆ 1,900 ರೂಪಾಯಿ ಅಂದರು ಅಣ್ಣ.

ನನಗೆ ರೇಗಿ ಹೋಯ್ತು. "ಮೂರು ವಾರಕ್ಕೆ ಸುಡುತ್ತೆ ಅಂದ್ರೆ ನೀವು ಹಾಕಿದ್ದು ಡೂಪ್ಲಿಕೇಟ್ ಮಾಲು. ನನ್ನಂಥೋನು ಅಂತ ಹಳೇದಕ್ಕೆ ಪಾಲಿಶ್ ಹೊಡೆದು ಕೊಟ್ರಾ?" ಅಂದುಬಿಟ್ಟೆ. ಅಂಗಡಿಯಲ್ಲಿ ಇನ್ನೂ ಮೂರು ಜನ ಇದ್ದರು. ಅವರು ಏನೂ ಹೇಳಲಿಲ್ಲ. ಕೈ ಒರೆಸಿಕೊಂಡು, "ರಿವೈಂಡಿಂಗ್ ಮಾಡಿಕೊಡ್ತೀನಿ, ಸೊಲೆನಾಯ್ಡ್ ದುಡ್ಡು ಬೇಡ. ಇನ್ನು ಮೇಲೆ ಬೇರೆ ಕಡೆ ತೋರಿಸಪ್ಪಾ" ಅಂದರು. ನಾನು 1,900 ಎಣಿಸಿ ಬೆಂಚ್ ಮೇಲೆ ಇಟ್ಟು ಬಂದೆ. ಸೊಲೆನಾಯ್ಡ್ ದುಡ್ಡು ಕೊಡಲಿಲ್ಲ. ಗೆದ್ದೆ ಅಂತಲೇ ಅಂದುಕೊಂಡಿದ್ದೆ.

ಆ ಸೆಲ್ಫ್ ಹತ್ತು ದಿನ ಬಂತು. ಈ ಸಲ ಬ್ಯಾಟರಿ ಮೇಲೆ ಅನುಮಾನ ಬಂತು. ಬೇರೆ ಅಂಗಡಿಯಲ್ಲಿ ಚೆಕ್ ಮಾಡಿಸಿದರೆ ಚಾರ್ಜ್ ಕಮ್ಮಿ ಇದೆ, ಬ್ಯಾಟರಿ ವೀಕು ಅಂದರು. ಹೊಸ ಬ್ಯಾಟರಿ 3,700. ಹಳೇ ಸೆಲ್ಫ್ ಸಹವಾಸವೇ ಬೇಡ ಅಂತ ಹೊಸ ಸೆಲ್ಫ್ ಮೋಟರ್ 4,800. ಅಷ್ಟರಲ್ಲಿ ಟೊಮೆಟೊ ಕೊಯ್ಲು ಶುರುವಾಗಿತ್ತು, ಯೋಚನೆ ಮಾಡೋಕೆ ಪುರಸೊತ್ತಿರಲಿಲ್ಲ.

ಹೊಸ ಬ್ಯಾಟರಿ, ಹೊಸ ಸೆಲ್ಫು. ಒಂದು ವಾರ ಆಯ್ತು. ಬೆಳಗಿನ ಜಾವ 24 ಬಾಕ್ಸು ತುಂಬಿ ಕೀ ತಿರುಗಿಸಿದೆ. ಟಕ ಟಕ ಟಕ.

ತುಂಬಿದ ಗಾಡಿ ತಳ್ಳೋಕೆ ಇಬ್ಬರಿಂದ ಆಗಲ್ಲ. ಬಾಕ್ಸು ಅರ್ಧ ಇಳಿಸಿ, ಪಕ್ಕದ ಮನೆಯವರನ್ನ ಎಬ್ಬಿಸಿ, ತಳ್ಳಿ ಸ್ಟಾರ್ಟ್ ಮಾಡಿ, ಮತ್ತೆ ಬಾಕ್ಸು ಹತ್ತಿಸಿ ಮಂಡಿ ಸೇರೋ ಹೊತ್ತಿಗೆ ಮೊದಲ ಹರಾಜು ಮುಗಿದಿತ್ತು. ಬೆಳಿಗ್ಗೆ ಬಾಕ್ಸಿಗೆ 280 ಹೋಗಿದ್ದು ನನಗೆ 210 ಸಿಕ್ತು. 24 ಬಾಕ್ಸಿಗೆ ಎಷ್ಟಾಯ್ತು ನೀವೇ ಲೆಕ್ಕ ಹಾಕಿ.

ಅದಕ್ಕಿಂತ ದೊಡ್ಡದು ವಾಪಸ್ ಬರೋವಾಗ ಆಯ್ತು. ಮಂಡಿಯಲ್ಲಿ ನಾಲ್ಕೈದು ಸಲ ಸೆಲ್ಫ್ ಹೊಡೆದು ಹೊಡೆದು ಕೊನೆಗೆ ಹತ್ಕೊಂಡಿತ್ತು. ಮನೆಯವಳೂ ಜೊತೆಗಿದ್ದಳು. "ರೀ, ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ ಬರ್ತಿದೆ" ಅಂದಳು. ಹೊರಗಡೆ ಯಾರೋ ಕಸ ಸುಡ್ತಿರಬೇಕು ಅಂದೆ. ನಮ್ಮೂರಿಗೆ ಕೆರೆ ಕಟ್ಟೆ ಮೇಲೇ ರಸ್ತೆ. ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೆರೆ ತುಂಬಿಕೊಂಡೇ ಇರುತ್ತೆ. ಕಟ್ಟೆ ಏರಿ ತಿರುವು ಬಂತು, ಆಕ್ಸಿಲೇಟರ್ ಇಂದ ಕಾಲು ತೆಗೆದೆ. ಇಂಜಿನ್ ಸದ್ದು ಇಳೀಲಿಲ್ಲ. ಪೆಡಲ್ ಕೆಳಗೇ ಕೂತುಬಿಟ್ಟಿದೆ. ಗಾಡಿ ಎಳ್ಕೊಂಡು ಹೋಗ್ತಿದೆ, ಎಡಕ್ಕೆ ನೀರು. ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಕೀ ಆಫ್ ಮಾಡಿದೆ. ತಿರುವಿನ ಕಲ್ಲಿಗೆ ಒಂದು ಮಾರು ದೂರದಲ್ಲಿ ನಿಂತಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸೀಟು ಎತ್ತಿ ನೋಡಿದೆ. ಆಕ್ಸಿಲೇಟರ್ ಕೇಬಲ್ ಮೇಲಿನ ಪ್ಲಾಸ್ಟಿಕ್ ಕವಚ ಕರಗಿ ಗುಳ್ಳೆ ಎದ್ದಿತ್ತು. ಕೇಬಲ್ ಒಳಗೇ ಕಚ್ಚಿಕೊಂಡಿತ್ತು. ಸೈಲೆನ್ಸರ್ ತಾಗಿರಬೇಕು ಅಂತ ನೋಡಿದೆ. ಸೈಲೆನ್ಸರ್ ಒಂದಡಿ ದೂರ ಇದೆ. ಬಿಸಿ ಎಲ್ಲಿಂದ ಬಂತು?

ಆವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮ ತೋಟದ ಮೂಲೆಯಲ್ಲಿ ಒಂದು ತೆಂಗಿನ ಗುಂಡಿ ಇತ್ತು, ಮೂರು ಸಲ ಸಸಿ ಇಟ್ಟರೂ ಒಣಗ್ತಿತ್ತು. ಎರಡು ಸಲ ನರ್ಸರಿಯವರನ್ನ ಬೈದಿದ್ದೆ. ಮೂರನೇ ಸಲ ಗುಂಡಿ ಅಗೆದು ನೋಡಿದರೆ ಒಂದೂವರೆ ಅಡಿ ಕೆಳಗೆ ಬಂಡೆ ಹಾಸು. ನೀರು ನಿಂತು ಬೇರು ಕೊಳೀತಿತ್ತು. ಅದು ನೆನಪಿಗೆ ಬಂತು. ಸೊಲೆನಾಯ್ಡ್ ಬದಲಾಯಿಸಿದೆ, ಆರ್ಮೇಚರ್ ಕಟ್ಟಿಸಿದೆ, ಸೆಲ್ಫೇ ಹೊಸದು ಹಾಕಿದೆ, ಬ್ಯಾಟರಿ ಹೊಸದು. ಅಷ್ಟೂ ಬೇರೆ ಬೇರೆ ಅಂಗಡಿ, ಬೇರೆ ಬೇರೆ ಮಾಲು. ಎಲ್ಲಾ ಕೆಟ್ಟದ್ದೇ ಸಿಗೋಕೆ ಸಾಧ್ಯ ಇಲ್ಲ. ಬದಲಾಗದೇ ಇದ್ದಿದ್ದು ಗಾಡಿ ಒಂದೇ. ಅದರಲ್ಲಿ ಯುಗಾದಿಗೆ ಮುಂಚೆ ಇಲ್ಲದ್ದು, ಆಮೇಲೆ ಬಂದಿದ್ದು ನಮ್ಮ ಕೈಕೆಲಸ. ಸಸಿ ಬಿಟ್ಟು ಗುಂಡಿ ನೋಡಬೇಕಾಗಿತ್ತು.

ಭಾನುವಾರ ಅಕ್ಕನ ಮಗನನ್ನ ಕರೆಸಿದೆ. ಅವನ ಹತ್ರ ಒಂದು ಡಿಜಿಟಲ್ ಮೀಟರ್ ಇದೆ. ಮೊದಲು ಅವನು, "ಮಾವ, ಇಂಜಿನ್ ಟೈಟ್ ಅಂತಾರಲ್ಲ ಎಲ್ಲರೂ, ಅದನ್ನೇ ಮೊದಲು ನೋಡಿಬಿಡೋಣ" ಅಂದ. ಬ್ಯಾಟರಿ ಮೈನಸ್ ತೆಗೆದು, ಮೂರು ಪ್ಲಗ್ಗೂ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ. ಒಂದು ಕೈಯಲ್ಲಿ ಸಲೀಸಾಗಿ ತಿರುಗಿತು. ಎರಡು ತಿಂಗಳು ಎಲ್ಲರೂ ಹೇಳಿದ ಕಾರಣ ಎರಡು ನಿಮಿಷದಲ್ಲಿ ಬಿದ್ದು ಹೋಯ್ತು. ಪ್ಲಗ್ ವಾಪಸ್ ಹಾಕಿ ಬ್ಯಾಟರಿ ಕಟ್ಟಿದೆವು.

ಆಮೇಲೆ ಮಾಡಿದ್ದನ್ನ ಹಂತ ಹಂತವಾಗಿ ಬರೀತೀನಿ, ಇದೇ ಮುಖ್ಯ.

ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು. ಇಂಜಿನ್ ಸ್ಟಾರ್ಟ್ ಆಗಬಾರದು, ಸೆಲ್ಫ್ ಮಾತ್ರ ತಿರುಗಬೇಕು, ಅದಕ್ಕೆ ಇಗ್ನಿಷನ್ ಕಾಯಿಲ್ ಕಪ್ಲರ್ ಕಿತ್ತಿಟ್ಟ. ಮೀಟರ್ ಡಿಸಿ 20 ವೋಲ್ಟಿಗೆ ಇಟ್ಟ. ನಾನು ಕೀ ತಿರುಗಿಸೋದು, ಮೂರು ನಾಲ್ಕು ಸೆಕೆಂಡು ಅಷ್ಟೇ, ಅವನು ಓದೋದು.

ಸುಮ್ಮನೆ ಇದ್ದಾಗ ಬ್ಯಾಟರಿ 12.5. ಪರವಾಗಿಲ್ಲ. ಪೂರ್ತಿ ಚಾರ್ಜ್ ಇದ್ದರೆ 12.6 ಆಸುಪಾಸು ಇರುತ್ತೆ.

ಸೆಲ್ಫ್ ಹೊಡೆಯೋವಾಗ ಬ್ಯಾಟರಿ ತುದಿಯಲ್ಲೇ 10.9. ಇದು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ. ನಮ್ಮದು ಚೆನ್ನಾಗಿದೆ.

ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಮೇಲೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ವೈರಿನ ಬೋಲ್ಟ್ ಮೇಲೆ. ಸೆಲ್ಫ್ ಹೊಡೆದಾಗ 0.3. ಅಂದರೆ ಪ್ಲಸ್ ವೈರಿನ ದಾರಿಯಲ್ಲಿ ಕಳೆದುಹೋಗ್ತಿರೋದು ಅಷ್ಟೇ. ಅರ್ಧ ವೋಲ್ಟ್ ಒಳಗಿದ್ದರೆ ಸರಿ.

ಕೊನೆಗೆ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಸೆಲ್ಫ್ ಮೋಟರಿನ ಮೈ ಮೇಲೆ, ಕಬ್ಬಿಣ ಕಾಣೋ ಹಾಗೆ ಕೆರೆದು. ಇದು ಸೊನ್ನೆ ಹತ್ರ ಇರಬೇಕು, ಹೆಚ್ಚು ಅಂದರೆ 0.2, 0.3. ಸೆಲ್ಫ್ ಹೊಡೆದೆ. "ಮಾವ, ಇನ್ನೊಂದ್ ಸಲ ಹೊಡೀರಿ" ಅಂದ. ಇನ್ನೊಂದು ಸಲ ಹೊಡೆದೆ. ಮೀಟರ್ ನನ್ನ ಕಡೆ ತಿರುಗಿಸಿದ. 4.1.

10.9ರಲ್ಲಿ ಆ ಕಡೆ 0.3, ಈ ಕಡೆ 4.1 ದಾರಿಯಲ್ಲೇ ಹೋದರೆ ಸೆಲ್ಫ್ ಮೋಟರಿಗೆ ಸಿಗ್ತಿದ್ದಿದ್ದು ಆರೂವರೆ ವೋಲ್ಟ್. ಹನ್ನೆರಡರ ಮೋಟರಿಗೆ ಆರೂವರೆ. ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಮೋಟರಿಗೆ ಲೋ ವೋಲ್ಟೇಜ್ ಬಂದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಬ್ಯಾಟರಿ ಮೈನಸ್ಸಿಂದ ಬಾಡಿಗೆ ಅಳೆದ: 0.1. ಬಾಡಿಯಿಂದ ಗೇರ್ ಬಾಕ್ಸಿಗೆ ಅಳೆದ: 4.0. ಕಳ್ಳ ಆ ಒಂದಡಿ ಜಾಗದಲ್ಲೇ ಇದಾನೆ. ಅಲ್ಲಿರೋದು ಒಂದೇ ವಸ್ತು, ಬಾಡಿಗೂ ಗೇರ್ ಬಾಕ್ಸಿಗೂ ಮಧ್ಯೆ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿ. ನಾನು ಕೈಯಾರೆ ಟೈಟ್ ಮಾಡಿದ್ದು.

ಖಾತ್ರಿ ಮಾಡ್ಕೊಳ್ಳೋಕೆ ಜಂಪರ್ ಕೇಬಲ್ ತಂದು ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಇಂಜಿನ್ ಮೇಲಿನ ಒಂದು ಗಟ್ಟಿ ಬೋಲ್ಟಿಗೆ ಹಾಕಿದ. ಕೀ ತಿರುಗಿಸಿದೆ. ಸೆಲ್ಫ್ ಎಂಥಾ ಜೋರಾಗಿ ತಿರುಗಿತು ಅಂದರೆ ಹೊಸ ಗಾಡೀಲೂ ಹಾಗೆ ಕೇಳಿರಲಿಲ್ಲ.

ಪಟ್ಟಿ ಬಿಚ್ಚಿದೆವು. ಗೇರ್ ಬಾಕ್ಸ್ ಕಡೆ ಲಗ್ಗಿನ ಕೆಳಗೆ ನನ್ನ ಅಲ್ಯೂಮಿನಿಯಂ ಪೇಂಟು, ಎರಡು ಕೈ, ನುಣ್ಣಗೆ. ಛಾಸಿ ಕಡೆ ಲಗ್ಗಿನ ಕೆಳಗೆ ನನ್ನ ಕರಿ ಪೇಂಟು. ಬೋಲ್ಟಿನ ಮರೆ ಸುತ್ತ ನೀಲಿ ಕಪ್ಪು ಸುಟ್ಟ ಕಲೆ. ಮೊದಲ ಹದಿನೈದು ದಿನ ಬೋಲ್ಟಿನ ಮರೆ ಮೂಲಕ ಅಷ್ಟೋ ಇಷ್ಟೋ ಕರೆಂಟು ಹೋಗಿದೆ. ಬಿಸಿಯಾಗಿ ಬಿಸಿಯಾಗಿ ಅದೂ ಕಮ್ಮಿಯಾಗಿದೆ. ಮೇಲಿಂದ ನೋಡಿದರೆ ಪಟ್ಟಿ ಇದೆ, ಬೋಲ್ಟ್ ಬಿಗಿ ಇದೆ. ಒಳಗೆ ಸಂಬಂಧವೇ ಇಲ್ಲ.

ಹುಡುಗ ಏನೂ ಅನ್ನಲಿಲ್ಲ. ಗಾಡಿ ನೋಡಿ, "ಪೇಂಟ್ ಮಾತ್ರ ಚೆನ್ನಾಗ್ ಹೊಡೆದಿದೀರ ಮಾವ" ಅಂದ.

ಯಾಕೆ ಹೀಗೆಲ್ಲ ಆಯ್ತು ಅಂತ ನನಗೆ ಅರ್ಥ ಆದ ಮಟ್ಟಿಗೆ ಹೇಳ್ತೀನಿ. ಕರೆಂಟು ಬ್ಯಾಟರಿ ಪ್ಲಸ್ಸಿಂದ ದಪ್ಪ ವೈರಲ್ಲಿ ಸೆಲ್ಫಿಗೆ ಬರುತ್ತೆ. ಆದರೆ ಅದು ವಾಪಸ್ ಬ್ಯಾಟರಿ ಮೈನಸ್ಸಿಗೆ ಹೋಗಲೇಬೇಕು. ಇಂಜಿನ್ನು, ಗೇರ್ ಬಾಕ್ಸು ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಲ್ಲಿ ಕರೆಂಟ್ ಹೋಗಲ್ಲ. ಹಾಗಾಗಿ ವಾಪಸ್ ದಾರಿ ಅಂದರೆ ಆ ಪಟ್ಟಿ ಒಂದೇ. ನಾವು ಎಲ್ಲರೂ ಪ್ಲಸ್ ವೈರು ನೋಡ್ತೀವಿ, ಮೈನಸ್ ಕಡೆ ನೋಡಲ್ಲ. ಕಾಲುವೆಯಲ್ಲಿ ನೀರು ಬಿಟ್ಟು ಕೊನೆ ಮಡಿ ಕಟ್ಟೆ ಒಡೆಯದೇ ಇದ್ದರೆ ಏನಾಗುತ್ತೆ? ಎಲ್ಲಿ ಬದು ಸಣ್ಣಗಿದೆಯೋ ಅಲ್ಲಿ ನುಗ್ಗುತ್ತೆ. ಇಲ್ಲೂ ಹಾಗೇ. ಸೆಲ್ಫ್ ಹೊಡೆಯೋವಾಗ ನೂರು ಆಂಪಿಯರ್ ಮೇಲೆ ಕೇಳುತ್ತೆ. ದಾರಿ ಮುಚ್ಚಿದ್ದಕ್ಕೆ ಅದು ಸಿಕ್ಕ ಕಡೆಯೆಲ್ಲ ನುಗ್ಗಿದೆ. ಪೆಡಲಿಂದ ಇಂಜಿನ್ನಿಗೆ ಹೋಗೋ ಆಕ್ಸಿಲೇಟರ್ ಕೇಬಲ್ ಒಳಗೆ ಉಕ್ಕಿನ ತಂತಿ ಇದೆ, ಒಂದು ತುದಿ ಬಾಡಿಗೆ, ಒಂದು ತುದಿ ಇಂಜಿನ್ನಿಗೆ. ಸಣ್ಣ ತಂತಿ, ದೊಡ್ಡ ಕರೆಂಟು. ಕಾದು ಪ್ಲಾಸ್ಟಿಕ್ ಕರಗಿ ಕಚ್ಚಿಕೊಂತು. ಮನೆಯವಳಿಗೆ ಬಂದ ವಾಸನೆ ಅದೇ. ಅವಳ ಮಾತು ಕೇಳಿ ಅಲ್ಲೇ ನಿಲ್ಲಿಸಿ ನೋಡಿದ್ದರೆ ಕೆರೆ ಕಟ್ಟೆ ಮೇಲೆ ಆ ಗತಿ ಬರ್ತಿರಲಿಲ್ಲ.

ಸೊಲೆನಾಯ್ಡ್ ಯಾಕೆ ಸುಡ್ತಿತ್ತು? ಅದರಲ್ಲಿರೋ ಕಾಯಿಲ್ ತಾಮ್ರದ ಪಾಯಿಂಟನ್ನ ಎಳೆದು ಕೂಡಿಸುತ್ತೆ. ಕೂಡಿದ ತಕ್ಷಣ ಸೆಲ್ಫ್ ಕರೆಂಟ್ ಎಳೆಯುತ್ತೆ, ವೋಲ್ಟೇಜ್ ಬೀಳುತ್ತೆ, ಕಾಯಿಲ್ ಕೈ ಬಿಡುತ್ತೆ. ಬಿಟ್ಟ ತಕ್ಷಣ ವೋಲ್ಟೇಜ್ ಏರುತ್ತೆ, ಮತ್ತೆ ಎಳೆಯುತ್ತೆ. ಅದೇ ಟಕ ಟಕ ಟಕ. ಒಂದೊಂದು ಟಕ್ಕಿಗೂ ಒಳಗೆ ಒಂದು ಕಿಡಿ. ಪಾಯಿಂಟ್ ಸುಟ್ಟು ಕರಕಲಾಗುತ್ತೆ, ಇಲ್ಲಾಂದ್ರೆ ವೆಲ್ಡ್ ಆದ ಹಾಗೆ ಅಂಟಿಕೊಳ್ಳುತ್ತೆ. ನಮ್ಮದರಲ್ಲಿ ಎರಡೂ ಆಯ್ತು.

ಬ್ಯಾಟರಿ ಯಾಕೆ ವೀಕ್ ಅಂತ ತೋರಿಸ್ತು? ಚಾರ್ಜ್ ಮಾಡೋ ಆಲ್ಟರ್ನೇಟರ್ ಕೂತಿರೋದೂ ಇಂಜಿನ್ ಮೇಲೇ. ಅದರ ಕರೆಂಟೂ ಇದೇ ಪಟ್ಟಿ ಮೇಲೆ ಓಡಾಡಬೇಕು. ದಾರಿ ಕೆಟ್ಟಿದ್ದಕ್ಕೆ ಬ್ಯಾಟರಿಗೆ ಹೊಟ್ಟೆ ತುಂಬ್ತಿರಲಿಲ್ಲ. ಹಳೇ ಬ್ಯಾಟರಿ ಈಗ ಪೂರ್ತಿ ಚಾರ್ಜ್ ಮಾಡಿಸಿದೀನಿ, ಸ್ಪ್ರೇಯರಿಗೂ ಮನೆ ಯುಪಿಎಸ್ಸಿಗೂ ಚೆನ್ನಾಗೇ ಬರ್ತಿದೆ. ತಳ್ಳಿದರೆ ಯಾಕೆ ಸ್ಟಾರ್ಟ್ ಆಗ್ತಿತ್ತು ಅಂದರೆ, ಕಿಡಿ ಕೊಡೋ ಕಾಯಿಲ್ಲಿಗೆ ಬೇಕಾಗೋದು ಸಣ್ಣ ಕರೆಂಟು, ಅದಕ್ಕೆ ಕಾಲುದಾರಿ ಸಾಕು. ಬೆಂಚ್ ಮೇಲೆ ಯಾಕೆ ಸೆಲ್ಫ್ ಸುಯ್ ಅಂತಿತ್ತು ಅಂದರೆ, ಅಲ್ಲಿ ಮೈನಸ್ ವೈರನ್ನ ಸೆಲ್ಫಿನ ಮೈಗೇ ಹಿಡೀತಾರೆ. ಅಂಗಡೀಲಿ ಓಡಿ ಗಾಡೀಲಿ ಓಡದ ಸೆಲ್ಫ್ ಕಂಡರೆ ತಪ್ಪು ಸೆಲ್ಫಲ್ಲೇ ಅಂತ ಅಂದುಕೊಳ್ಳಬಾರದು, ಗಾಡೀಲೂ ಇರಬಹುದು. ಇದನ್ನ ಮೊದಲ ದಿನವೇ ಯೋಚಿಸಬೇಕಿತ್ತು.

ರಿಪೇರಿಗೆ ಒಂದು ಗಂಟೆ ಸಾಕಾಯ್ತು. ಎರಡೂ ಕಡೆ ಲಗ್ಗು ಕೂರೋ ಜಾಗದಲ್ಲಿ ಪೇಂಟು ಪೂರ್ತಿ ಕೆರೆದು, ಬೆಳ್ಳಗೆ ಲೋಹ ಕಾಣೋ ತನಕ ಉಜ್ಜಿದೆವು. ಪಟ್ಟಿಯ ಲಗ್ಗೂ ಉಜ್ಜಿದೆವು. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಬಿಗಿ ಮಾಡಿದ ಮೇಲೆ ಮೇಲಿಂದ ಗ್ರೀಸ್ ಸವರಿದೆವು, ತುಕ್ಕು ಹಿಡೀದೇ ಇರಲಿ ಅಂತ. ಜೊತೆಗೆ 25 ಎಸ್‌ಕ್ಯೂ ಎಂಎಂ ವೆಲ್ಡಿಂಗ್ ಕೇಬಲ್ ಒಂದು ಮೊಳ ತಂದು, ಲಗ್ ಹಾಕಿಸಿ, ಬ್ಯಾಟರಿ ಮೈನಸ್ಸಿಂದ ನೇರ ಇಂಜಿನ್ನಿಗೆ ಎರಡನೇ ದಾರಿ ಮಾಡಿದೆವು. ಎಲ್ಲಾ ಸೇರಿ 340 ರೂಪಾಯಿ. ಮತ್ತೆ ಅಳೆದರೆ ಮೈನಸ್ ಕಡೆ 0.1. ಆಕ್ಸಿಲೇಟರ್ ಕೇಬಲ್ ಹೊಸದು ಹಾಕಿದೆ. ಕ್ಲಚ್ ಕೇಬಲ್ಲೂ ಬಿಚ್ಚಿ ನೋಡಿದೆ, ಅದು ಸರಿ ಇತ್ತು. ಹೊಸ ಸೆಲ್ಫಿನ ಪಾಯಿಂಟು ಸ್ವಲ್ಪ ಕಪ್ಪಾಗಿತ್ತು, ಉಜ್ಜಿ ಹಾಕಿದೀವಿ. ಈಗ ನಾಲ್ಕು ತಿಂಗಳಾಯ್ತು. ಕೀ ತಿರುಗಿಸಿದರೆ ಒಂದೇ ಏಟು.

ಸೊಲೆನಾಯ್ಡು, ರಿವೈಂಡಿಂಗು, ಬ್ಯಾಟರಿ, ಸೆಲ್ಫು ಎಲ್ಲಾ ಸೇರಿ 11,050 ರೂಪಾಯಿ. ಅದರಲ್ಲಿ 650 ನಾನು ಕೊಟ್ಟಿರಲಿಲ್ಲ ಅಂತ ಮೇಲೆ ಹೇಳಿದೆ.

ಸೋಮವಾರ ಆ ಅಣ್ಣನ ಅಂಗಡಿಗೆ ಹೋದೆ. ಹೊರಗೆ ಹತ್ತು ನಿಮಿಷ ನಿಂತಿದ್ದೆ, ಒಳಗೆ ಗಿರಾಕಿ ಇದ್ದರು. ಅವರು ಹೋಗಲಿ ಅಂತ ಕಾಯ್ತಿದ್ದೆ. ಆಮೇಲೆ ಅನ್ನಿಸ್ತು, ಬೈದಿದ್ದು ಮೂರು ಜನರ ಮುಂದೆ, ಈಗ ಯಾರೂ ಇಲ್ಲದಾಗ ಹೇಳಿದರೆ ಅದು ಸರಿ ಹೋಗಲ್ಲ. ಒಳಗೆ ಹೋಗಿ, "ಅಣ್ಣಾ, ನಿಮ್ಮ ಮಾಲು ಸರಿ ಇತ್ತು. ಅರ್ಥಿಂಗ್ ಪಟ್ಟಿ ಪೇಂಟ್ ಮೇಲೆ ಕಟ್ಟಿದ್ದೆ. ತಪ್ಪು ನಂದು" ಅಂದೆ. 650 ಬೆಂಚ್ ಮೇಲೆ ಇಟ್ಟೆ.

ಅವರು ಆರ್ಮೇಚರ್‌ಗೆ ವೈರು ಸುತ್ತುತಾ ಇದ್ದರು, ತಲೆ ಎತ್ತಲಿಲ್ಲ. ಸುತ್ತು ಎಣಿಸ್ತಿದ್ದರು ಅನ್ನಿಸುತ್ತೆ. ಮುಗಿಸಿ, "ನಾನು ಕೇಳಿದ್ನಲ್ಲಪ್ಪಾ ಆವತ್ತು" ಅಂದರು.

"ಕೇಳಿದ್ರಿ. ಕಟ್ಟಿದೀನಿ ಅಂದೆ."

"ನನ್ನದೂ ಅರ್ಧ ತಪ್ಪು. ಕಟ್ಟಿದೀಯಾ ಅಂತ ಕೇಳಿದೆ. ಮೀಟರ್ ಇಟ್ಟು ನೋಡ್ಬೇಕಿತ್ತು." ದುಡ್ಡು ತಗೊಂಡು ಡಬ್ಬಿಗೆ ಹಾಕಿದರು. ಹುಡುಗನ್ನ ಕರೆದು ಎರಡು ಟೀ ತರೋಕೆ ಹೇಳಿದರು. ಟೀ ಕುಡಿದು ಬಂದೆ. ಮೊದಲಿನ ಹಾಗೆ ನಗ್ತಾ ಮಾತಾಡಲಿಲ್ಲ. ಅದಕ್ಕೆ ಸ್ವಲ್ಪ ದಿನ ಬೇಕು. ಹೋದ ವಾರ ಪಂಪ್‌ಸೆಟ್ ಮೋಟರ್ ಅವರ ಹತ್ರಾನೇ ಹಾಕಿದೀನಿ.

ನೀವು ಮನೇಲಿ ಇಂಜಿನ್ ಇಳಿಸಿದ್ದರೆ ಇಷ್ಟು ನೆನಪಿಡಿ.

ಬ್ಯಾಟರಿ ಬಿಚ್ಚೋವಾಗ ಮೈನಸ್ ಮೊದಲು ತೆಗೀರಿ, ಕಟ್ಟೋವಾಗ ಮೈನಸ್ ಕೊನೆಗೆ. ಪೇಂಟು ಹೊಡೆಯೋದಿದ್ದರೆ ಅರ್ಥಿಂಗ್ ಕೂರೋ ಜಾಗಕ್ಕೆ ಟೇಪ್ ಅಂಟಿಸಿ ಹೊಡೀರಿ. ಸೆಲ್ಫ್ ಟಕ ಟಕ ಅಂದರೆ ಮತ್ತೆ ಮತ್ತೆ ಹೊಡೀಬೇಡಿ, ಪ್ರತಿ ಟಕ್ಕಿಗೂ ಪಾಯಿಂಟ್ ಸುಡುತ್ತೆ. ಮೀಟರ್ ಇಲ್ಲದಿದ್ದರೆ ಒಂದು ಜಂಪರ್ ಕೇಬಲ್ ಬ್ಯಾಟರಿ ಮೈನಸ್ಸಿಂದ ಇಂಜಿನ್ ಬೋಲ್ಟಿಗೆ ಹಾಕಿ ಒಂದು ಸಲ ನೋಡಿ. ಇಂಜಿನ್ ಕಡೆ ತುದಿ ಬ್ಯಾಟರಿಯಿಂದ ದೂರ ಇರಲಿ, ಬ್ಯಾಟರಿ ಹತ್ರ ಕಿಡಿ ಹಾರಬಾರದು, ಅದರಿಂದ ಬರೋ ಗ್ಯಾಸು ಹತ್ಕೊಳ್ಳುತ್ತೆ. ಜೋರಾಗಿ ತಿರುಗಿದರೆ ಸೆಲ್ಫ್ ಬಿಚ್ಚೋಕೆ ಹೋಗಬೇಡಿ, ಅರ್ಥಿಂಗ್ ಬಿಚ್ಚಿ. ಸೆಲ್ಫ್ ಹೊಡೆದಾಗ ಆಕ್ಸಿಲೇಟರ್ ಅಥವಾ ಕ್ಲಚ್ ಕೇಬಲ್ ಬಿಸಿ ಆದರೆ, ಪ್ಲಾಸ್ಟಿಕ್ ವಾಸನೆ ಬಂದರೆ, ಗಾಡಿ ಅಲ್ಲೇ ನಿಲ್ಲಿಸಿ. ಓಡಿಸಬೇಡಿ.

ಟ್ರ್ಯಾಕ್ಟರಿಗೂ ಇದೇ ಮಾತು. ಕೆಸರಲ್ಲಿ ಓಡಾಡೋ ಗಾಡಿಗೆ ಪೇಂಟ್ ಬೇಕಾಗಿಲ್ಲ, ಲಗ್ಗಿನ ಕೆಳಗೆ ತುಕ್ಕು ಸಾಕು. ಸೋಲಾರ್ ಬೇಲಿ ಬೇಸಿಗೆಯಲ್ಲಿ ಏಟು ಕೊಡ್ತಿಲ್ಲ ಅಂದರೆ ಮೊದಲು ಮೆಷಿನ್ ಬಿಚ್ಚಬೇಡಿ, ಅರ್ಥ್ ಸಲಾಕೆ ಸುತ್ತ ಮಣ್ಣು ಒಣಗಿದೆಯಾ ನೋಡಿ, ಒಂದು ಬಿಂದಿಗೆ ನೀರು ಹಾಕಿ ನೋಡಿ. ಅಲ್ಲೂ ವಾಪಸ್ ದಾರೀದೇ ಸಮಸ್ಯೆ.

ನಾನು ಎರಡು ತಿಂಗಳು ಪಟ್ಟಿ ಕಟ್ಟಿದೀನಿ ಕಟ್ಟಿದೀನಿ ಅಂತ ಹೇಳ್ತಾ ಇದ್ದೆ. ಕಟ್ಟಿದ್ದು ನಿಜ. ಕೆಲಸ ಮಾಡ್ತಿದೆಯಾ ಅಂತ ಒಂದು ಸಲವೂ ನೋಡಿರಲಿಲ್ಲ.

ಮುಂದಿನ ವಾರ ಎಲೆ ಮುದುಡು ರೋಗ, ಖಂಡಿತ.